ಚೆನ್ನವೀರಪ್ಪನ ಎರಡು ಫೋಟೊ

ಸ್ಟುಡಿಯೊದ ಕಂಪ್ಯೂಟರಿನಲ್ಲಿ ಜಾಗ ತುಂಬಿತೆಂದು ಒಡತಿ ನೀಲಾಂಬಿಕೆ ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಬರೆದಳು: ಒಂದೇ ಹೆಸರಿನ ಫೈಲು ಎರಡಿದ್ದರೆ ಹಳೆಯದನ್ನು ಅಳಿಸು.

ಆಜ್ಞೆ ಫೋಲ್ಡರುಗಳನ್ನೆಲ್ಲ ಜಾಲಾಡಿ ‘ಚೆನ್ನವೀರಪ್ಪ’ ಎಂಬ ಎರಡು ಫೋಟೊಗಳನ್ನು ಹಿಡಿಯಿತು.

“ನಾನು ಅಜ್ಜನ ಫೋಟೊ, ಅದು ಮೊಮ್ಮಗನದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದಾರೆ. ಒಮ್ಮೆ ತೆರೆದು ನೋಡಯ್ಯ,” ಎಂದು ಹಳೆಯದು ಬೇಡಿಕೊಂಡಿತು.

“ನನಗೆ ಹೇಳಿರುವುದು ಹೆಸರು ನೋಡಲು, ಮುಖ ನೋಡಲು ಅಲ್ಲ,” ಎಂದು ಆಜ್ಞೆ ಅದನ್ನು ಅಳಿಸಿಹಾಕಿತು.

ವಾರದ ಮೇಲೆ ಮೊಮ್ಮಗ ಬಂದ. “ಅಕ್ಕಾರ, ನಮ್ಮಜ್ಜಂದು ಫೋಟೊ ದೊಡ್ಡದು ಮಾಡಿ ಕೊಡ್ರಿ. ಇರೂದು ಅದೊಂದ.”

ನೀಲಾಂಬಿಕೆ ಹೆಸರು ಬರೆದು ಹುಡುಕಿಸಿದಳು. “ಸಿಕ್ಕಿತು!” ಎಂದಿತು ಆಜ್ಞೆ. ಪರದೆಯಲ್ಲಿ ಮೊಮ್ಮಗ ಕಂಡದ್ದು ತನ್ನದೇ ಮುಖ.

ಆಗ ಆಜ್ಞೆ, ಮೊದಲ ಸಲ, ಅವನ ಮುಖ ನೋಡಿತು.