ಸಂಕವ್ವನ ಹಾಡಿಗೆ ಎಂಟನೆಯ ಟೀಕೆ

ಬುಟ್ಟಿ ಹೆಣೆಯುವ ಒಬ್ಬ ಹೆಂಗಸು ಹಾಡಿದ ನಾಲ್ಕು ಸಾಲಿನ ಮೇಲೆ ಒಂದು ಮಠ ನಿಂತಿತ್ತು.

ಆಕೆಯ ಹೆಸರು ಸಂಕವ್ವ. ಮಠ ಇದ್ದದ್ದು ಹೊಳೆಯ ದಂಡೆಯಲ್ಲಿ. ಹಾಡು ಇದು:

ಬಾಗಿಲ ತೆಗಿಯೋ ಒಳಗಿನ ಧಣಿಯೇ,
ಬಿಸಲಾಗ ನಿಂತೀನಿ, ಕಾಲು ಸುಡತಾವ.
ನೀನು ಒಳಗ, ನಾನು ಹೊರಗ, ನಡುವ ಒಂದು ಹಲಗಿ,
ಒಂದಾಗೂದು ಎಂದೋ ಒಳಗಿನ ಧಣಿಯೇ.

ಇಷ್ಟೇ. ಈ ನಾಲ್ಕು ಸಾಲಿನ ಅರ್ಥ ಬಿಡಿಸುವ ಏಳು ಟೀಕೆಗಳಿದ್ದವು. ತಲೆಮಾರಿಗೆ ಒಂದು. ಏಳನೆಯದನ್ನು ಬರೆದವರು ಗುರು ನಿಂಗಯ್ಯಜ್ಜ. ಎಂಟನೆಯದನ್ನು ಬರೆಯುವ ಸರದಿ ಈಗ ಅವರ ಶಿಷ್ಯ ಮೋನಪ್ಪನಿಗೆ ಬಂದಿತ್ತು.

ಸರದಿ ಸಣ್ಣದಲ್ಲ. ವರ್ಷಕ್ಕೊಮ್ಮೆ ಸಂಕವ್ವನ ದಿನ ಬರುತ್ತದೆ. ಅವತ್ತು ಹೊಸ ಟೀಕೆಯನ್ನು ಮಠದ ಹಿರಿಯರ ಮುಂದೆ ಓದಬೇಕು. ಅವರು ಒಪ್ಪಿದರೆ ಮುಂದಿನ ಗದ್ದುಗೆ ಮೋನಪ್ಪನದು. ಒಪ್ಪದಿದ್ದರೆ ಅವತ್ತೇ ಬಟ್ಟೆ ಗಂಟು ಕಟ್ಟಿಕೊಂಡು ಹೊರಡಬೇಕು. ಒಂಬತ್ತು ವರ್ಷದ ಓದು ಹೊಳೆಪಾಲು.

ಇನ್ನೊಂದು ಕಟ್ಟಳೆಯೂ ಇತ್ತು. ಟೀಕೆ ಏನು ಹೇಳುತ್ತದೋ ಮಠ ಹಾಗೆ ನಡೆಯಬೇಕು. ‘ಬಾಗಿಲು ಎಂದರೆ ಎದೆ’ ಎಂದು ಒಬ್ಬ ಬರೆದಾಗ ಎಲ್ಲರೂ ಎದೆ ಮುಟ್ಟಿಕೊಂಡರು. ‘ಬಾಗಿಲು ಎಂದರೆ ಕಣ್ಣಿನ ರೆಪ್ಪೆ’ ಎಂದು ಇನ್ನೊಬ್ಬ ಬರೆದಾಗ ಎಲ್ಲರೂ ಕಣ್ಣು ಮುಚ್ಚಿ ಕುಳಿತರು.

ಸಂಕವ್ವನ ದಿನ ಕೇರಿಯಿಂದ ಬುಟ್ಟಿ ಹೆಣೆಯುವವರು ಬಂದು ಮಠದ ಹೊರಗೆ ನಿಂತು ಈ ಹಾಡನ್ನು ಒಂದೊಂದೇ ಸಾಲು ಎಳೆದು ಹಾಡುತ್ತಿದ್ದರು. ಒಳಗೆ ಟೀಕೆಯ ಓದು ನಡೆಯುತ್ತಿತ್ತು. ಹಾಡು ಮುಗಿದ ಮೇಲೆ ಅವರು ಹೋಗುತ್ತಿದ್ದರು. ಬಾಗಿಲು ತೆರೆಯುತ್ತಿರಲಿಲ್ಲ.

ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಒಳಗಿದ್ದವರೆಲ್ಲ ಓದಿದವರು.

ಮೋನಪ್ಪ ಒಂದು ದಿನ ತನ್ನ ಟೀಕೆಯನ್ನು ತಂದು ಗುರುವಿನ ಮುಂದೆ ಇಟ್ಟ.

“ಓದು” ಅಂದರು ನಿಂಗಯ್ಯಜ್ಜ.

ಮೋನಪ್ಪ ಓದಿದ. “ಒಳಗೆಂಬುದಿಲ್ಲ, ಹೊರಗೆಂಬುದಿಲ್ಲ. ಬಾಗಿಲೆಂಬುದು ಭ್ರಮೆ. ಧಣಿಯೂ ಇಲ್ಲ, ಹಾಡಿದವಳೂ ಇಲ್ಲ. ಇರುವುದು ಒಂದೇ.”

“ನನ್ನ ಟೀಕಿಯೊಳಗ ಬಾಗಿಲು ಇಲ್ಲ ಅಂತ ಬರದಿದ್ದೆ. ನೀ ಒಂದು ಹೆಜ್ಜಿ ಮುಂದ ಹೋಗಿ ಮುದುಕೀನೂ ತಗದು ಹಾಕಿದಿ.”

“ಸರಿ ಐತಿಲ್ರಿ, ಅಜ್ಜಾರ?”

“ಭಾಳ ಚಂದ ಐತಿ. ಹೊಳಿಗೆ ಹೋಗಿ ನನ್ನ ಧೋತರ ಒಣಗೇತೇನು ನೋಡಿ ಬಾ.”

ಮೋನಪ್ಪ ಬರಿಗಾಲಲ್ಲಿ ಹೋದ. ಧೋತರ ಇನ್ನೂ ಹಸಿಯಾಗಿತ್ತು. ತಿರುಗಿ ಬಂದರೆ ಬಾಗಿಲು ಹಾಕಿತ್ತು. ತಳ್ಳಿದ. ಒಳಗಿನಿಂದ ಅಗಳಿ ಬಿದ್ದಿತ್ತು.

“ಅಜ್ಜಾರ, ಬಾಗಿಲು!”

“ಎಲ್ಲೈತಿ?” ಒಳಗಿನಿಂದ ನಿಂಗಯ್ಯಜ್ಜರ ದನಿ ಬಂತು.

“ಇಲ್ಲೇ ಐತ್ರಿ, ನನ್ನ ಮುಂದ!”

“ಭ್ರಮೆ ಅಂತ ಈಗ ಓದಿದೆಲ್ಲ.”

ನಡು ಮಧ್ಯಾಹ್ನ. ಮೆಟ್ಟಿಲ ಕಲ್ಲು ಹೆಂಚಿನಂತೆ ಕಾದಿತ್ತು. ಮೋನಪ್ಪ ಒಂದು ಕಾಲೆತ್ತಿ ನಿಂತ. ಆಮೇಲೆ ಇನ್ನೊಂದು ಕಾಲೆತ್ತಿ ನಿಂತ.

“ತಗೀರಿ ಅಜ್ಜಾರ, ಕಾಲು ಸುಡಾಕತ್ತಾವ!”

“ಯಾರ ಕಾಲು?”

“ನನ್ನವು!”

“ನೀ ಎಲ್ಲಿದ್ದಿ? ಇರೂದು ಒಂದೇ ಅಲ್ಲೇನು? ನಾ ಇಲ್ಲಿ ನೆರಳಿನಾಗ ಕುಂತೀನಿ. ಅಂದ ಮ್ಯಾಲೆ ನೀನೂ ನೆರಳಿನಾಗ ಇದ್ದಂಗ.”

ಮೋನಪ್ಪನಿಗೆ ಸಿಟ್ಟು ಬಂತು. ಎರಡೂ ಕೈಯಿಂದ ಬಾಗಿಲು ಬಡಿದ. ಒಳಗೆ ಗುರು ಅವನದೇ ಟೀಕೆಯನ್ನು ಗಟ್ಟಿಯಾಗಿ, ರಾಗವಾಗಿ ಓದತೊಡಗಿದರು. ಮೊದಲಿನಿಂದ ಕೊನೆಯವರೆಗೂ ಓದಿದರು. ಕೊನೆಗೆ ಅಗಳಿ ತೆಗೆದರು.

ಮೋನಪ್ಪ ಒಳಗೆ ಹಾರಿ ತಣ್ಣನೆಯ ನೆಲದ ಮೇಲೆ ಕಾಲು ಒರೆಸಿಕೊಂಡ.

“ಹೊರಗ ಹೆಂಗ ಕೇಳಸ್ತು ನಿನ್ನ ಟೀಕಿ?” ಗುರು ಕೇಳಿದರು.

“ಮೈ ಉರೀತು.”

“ಹೂಂ. ಈಗ ಹಳೇ ಟೀಕಿಗಳನ್ನ ಹಿಂದಿನಿಂದ ಓದು. ನನ್ನದರಿಂದ ಸುರು ಮಾಡು. ಬುಡಕ್ಕ ಹೋಗಿ ಮುಟ್ಟು.”

ಮೋನಪ್ಪ ಓಲೆಗರಿಯ ಕಟ್ಟು ಬಿಚ್ಚಿದ. ಇಷ್ಟು ವರ್ಷ ಮೇಲಿನ ಗರಿಗಳನ್ನಷ್ಟೇ ಓದಿದ್ದ. ಎಲ್ಲರೂ ಹಾಗೆಯೇ ಓದುತ್ತಿದ್ದರು. ಹೊಸದರಲ್ಲಿ ಹಳೆಯದೆಲ್ಲ ಸೇರಿದೆ ಅಂತ ನಂಬಿಕೆ.

ಏಳನೆಯದು: ಬಾಗಿಲೇ ಇಲ್ಲ. ಆರನೆಯದು: ಬಾಗಿಲು ಇದ್ದಂತೆ ತೋರುತ್ತದೆ, ಅಷ್ಟೆ. ಐದನೆಯದು: ಬಾಗಿಲು ‘ನಾನು’ ಎಂಬ ಅಹಂಕಾರ. ನಾಲ್ಕನೆಯದು: ಕಣ್ಣಿನ ರೆಪ್ಪೆ. ಮೂರನೆಯದು: ಎದೆಯೇ ಬಾಗಿಲು, ಧಣಿ ಎಂದರೆ ಒಳಗಿನ ಆತ್ಮ. ಎರಡನೆಯದು ಚಿಕ್ಕದು, ಅವಸರದ ಕೈಬರಹ: ಬಾಗಿಲು ಎಂದರೆ ಎದೆ.

ಮೊದಲನೆಯದನ್ನು ಬರೆದವನು ಸಂಕವ್ವನ ಮಗ. ಗರಿಯ ಅಂಚು ಸುಟ್ಟು ಕರಿಕಾಗಿತ್ತು. ಎರಡೇ ಮಾತು ಉಳಿದಿದ್ದವು.

‘ಇದು ಊರ ಗುಡಿಯ ಬಾಗಿಲು. ನಮ್ಮವ್ವನನ್ನು ಒಳಗೆ ಬಿಡಲಿಲ್ಲ.’

ಮೋನಪ್ಪ ಎರಡು ಸಲ ಓದಿದ. ಗರಿಯನ್ನು ಹಿಡಿದುಕೊಂಡೇ ಗುರುವಿನ ಹತ್ತಿರ ಓಡಿದ.

“ಅಜ್ಜಾರ, ಇದು ನಿಮಗ ಗೊತ್ತಿತ್ತೇನ್ರಿ?”

“ಗದ್ದುಗಿ ಏರಿದ ಮ್ಯಾಲೆ ಗೊತ್ತಾತು. ಅಷ್ಟೊತ್ತಿಗೆ ನನ್ನ ಟೀಕಿ ಓದಿ ಮುಗಿದಿತ್ತು. ಒಬ್ಬಂವಗ ಒಂದೇ ಟೀಕಿ. ಅದೂ ಕಟ್ಟಳಿ.”

“ಹಂಗಾದ್ರ ಎರಡನೇದಾಂವ ಸುಳ್ಳ ಯಾಕ ಬರದ?”

“ಗರಿ ಯಾಕ ಸುಟ್ಟೈತಿ ನೋಡಿದೇನು?”

ಮೋನಪ್ಪ ನೋಡಿದ.

“ಊರ ಧಣ್ಯಾರು ಇದನ್ನ ಬೆಂಕಿಗೆ ಹಾಕಿದ್ರು. ಎರಡನೇದಾಂವ ಕೈ ಸುಟಗೊಂಡು ಹೊರಗ ತಗದ. ಮತ್ತ ಹಾಕಬಾರದು ಅಂತ ಮ್ಯಾಲೆ ಒಂದು ಗರಿ ಮುಚ್ಚಿದ. ‘ಗುಡಿ ಸುದ್ದಿ ಅಲ್ರೀ ಧಣ್ಯಾರ, ಇದು ಎದಿ ಸುದ್ದಿ’ ಅಂದ. ಅಂವ ಹೆದರಿ ಬರದದ್ದು. ಹಾಡು ಉಳೀತು.”

“ಮೂರನೇದಾಂವ?”

“ಅಂವಗ ಆ ಹೆದರಿಕಿ ಗೊತ್ತಿರಲಿಲ್ಲ. ಅದನ್ನ ಜ್ಞಾನ ಅಂದಕೊಂಡ. ಅಲ್ಲಿಂದ ಮುಂದಿನವರೆಲ್ಲಾ ಪಂಡಿತರು.”

ಮೋನಪ್ಪ ಗರಿಯ ಸುಟ್ಟ ಅಂಚನ್ನು ಬೆರಳಿಂದ ಮುಟ್ಟಿದ.

“ಹಂಗಾದ್ರ ಎಲ್ಲಾ ಒಂದೇ ಅನ್ನೂದು ಸುಳ್ಳೇನ್ರಿ?”

“ಯಾರಂದ್ರು ಸುಳ್ಳಂತ? ಸಂಕವ್ವನೂ ಅದನ್ನ ಕೇಳ್ಯಾಳ, ಒಂದಾಗೂದು ಎಂದೋ ಅಂತ. ಹೊರಗ ನಿಂತಾಕಿ ಅದನ್ನ ಅಂದ್ರ ಬೇಡಿಕಿ ಆಗ್ತೈತಿ. ಒಳಗ ಕುಂತಾಂವ ಅಂದ್ರ ಅಗಳಿ ಆಗ್ತೈತಿ.”

“ನಾ ಈಗ ಏನು ಬರೀಲಿ?”

“ಇನ್ನೂ ಒಂದು ಟೀಕಿ ನೀ ಓದಿಲ್ಲ. ಅದು ಗರಿ ಮ್ಯಾಲೆ ಇಲ್ಲ. ಕೇರಿಗೆ ಹೋಗಿ ಯಂಕವ್ವನ್ನ ಕೇಳು.”

ಯಂಕವ್ವ ಹಾಡುವವರ ಮುಂದಾಳು. ಎಪ್ಪತ್ತು ದಾಟಿದ ಮುದುಕಿ. ಮೋನಪ್ಪ ಹೋದಾಗ ಗುಡಿಸಲ ಮುಂದೆ ಕುಳಿತು ಬಿದಿರು ಸೀಳುತ್ತಿದ್ದಳು.

“ಮಠದವರು ಕೇರಿಗೆ ಬಂದ್ರಲ್ಲ! ಹಾದಿ ತಪ್ಪೇತೇನ್ರೀ ಸ್ವಾಮ್ಯಾರ?”

“ಇಲ್ಲ ಯವ್ವಾ. ಒಂದು ಮಾತು ಕೇಳೂದಿತ್ತು. ವರ್ಷಾ ವರ್ಷಾ ಬಂದು ಹಾಡ್ತೀರಿ. ಆ ಹಾಡಿನ ಅರ್ಥ ಏನು?”

ಯಂಕವ್ವನ ಕೈ ನಿಂತಿತು. ಅವನ ಮುಖವನ್ನೇ ನೋಡಿದಳು.

“ನಿಮಗ ಬ್ಯಾಸರ ಆಗಬಾರದು.”

“ಆಗೂದಿಲ್ಲ, ಹೇಳು.”

“ಒಳಗಿದ್ದವರಿಗೆ ಅಗಳಿ ತಗಿಯಾಕ ಬರೂದಿಲ್ಲ. ಅವರು ಒಳಗ ಸಿಕ್ಕೊಂಡಾರ, ಪಾಪ. ಹೊರಗಿನ ಗಾಳಿ ಇಲ್ಲ, ಮಂದಿ ಸಂಗ ಇಲ್ಲ. ಕುಂತು ಕುಂತು ಕಾಲು ಜಡ್ಡು ಬಿದ್ದಾವ. ಅದಕ್ಕ ನಾವು ವರ್ಷಕ್ಕೊಮ್ಮೆ ಹೋಗಿ ಕರೀತೀವಿ, ಹೊರಗ ಬರ್ರೋ ಅಂತ. ಹಂಗಂತ ನಮ್ಮವ್ವ ಹೇಳಿದ್ಲು. ಅವರವ್ವ ಆಕಿಗೆ ಹೇಳಿದ್ಲು.”

ಮೋನಪ್ಪನಿಗೆ ನಗು ಬಂತು. ಅರ್ಧಕ್ಕೇ ನಿಂತಿತು.

“ನೀ ಇದನ್ನ ನಂಬತೀಯೇನು ಯವ್ವಾ?”

“ಸಣ್ಣಾಕಿ ಇದ್ದಾಗ ನಂಬಿದ್ದೆ. ಈಗ ಅನ್ನಸತೈತಿ, ನಮಗ ಸಿಟ್ಟು ಬರಬಾರದು ಅಂತ ಹಿರೇರು ಕಟ್ಟಿದ ಸುಳ್ಳದು. ಚಲೋ ಸುಳ್ಳು. ಸಿಟ್ಟು ಬಂದಿದ್ರ ಬಾಗಿಲು ಮುರಿಯಾಕ ಹೋಗ್ತಿದ್ವಿ, ಅವರು ನಮ್ಮ ಗುಡಿಸಲ ಸುಡ್ತಿದ್ರು.” ಅವಳು ಮತ್ತೆ ಕತ್ತಿ ಎತ್ತಿಕೊಂಡಳು. “ನಿಮ್ಮೊಳಗ ಏನಂತಾರ ಅದರ ಅರ್ಥ?”

ಮೋನಪ್ಪ ಒಂಬತ್ತು ವರ್ಷ ಓದಿದವನು. ಏಳೂ ಟೀಕೆ ನಾಲಿಗೆಯ ಮೇಲಿದ್ದವು. ಬಿದಿರು ಸೀಳಿ ಸೀಳಿ ಗಾಯವಾದ ಆ ಬೆರಳುಗಳ ಮುಂದೆ ಒಂದೂ ಹೊರಬೀಳಲಿಲ್ಲ.

“ಇನ್ನೂ ಬರಿಯಾಕತ್ತೀನಿ ಯವ್ವಾ” ಅಂದ.

“ಏಳು ಹಿರೇರು ಬರದು ಮುಗಿದಿಲ್ಲೇನು? ನಾಕು ಸಾಲಿನ ಹಾಡೈತಿ!” ಅಂದಳು ಯಂಕವ್ವ.

ಸಂಕವ್ವನ ದಿನ ಬಂತು.

ಮಠದ ಮೂವರು ಹಿರಿಯರು ಕಂಬಳಿಯ ಮೇಲೆ ಕುಳಿತರು. ದೊಡ್ಡ ಹಿರಿಯ ಶಾಂತಯ್ಯ ಬಾಗಿಲಿಗೆ ಅಗಳಿ ಹಾಕಿಸಿದ. ನಿಂಗಯ್ಯಜ್ಜ ಗದ್ದುಗೆಯ ಮೇಲಿದ್ದರು. ಹೊರಗೆ ಹಾಡು ಶುರುವಾಯಿತು. ಯಂಕವ್ವನ ದನಿ ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು.

“ಎಂಟನೇ ಟೀಕಿ ಆಗಲಿ” ಅಂದ ಶಾಂತಯ್ಯ.

ಮೋನಪ್ಪ ಎದ್ದು ನಿಂತ. ಅವನ ಕೈಯಲ್ಲಿ ಒಂದೇ ಗರಿ ಇತ್ತು.

“ಬಾಗಿಲು ಎಂದರೆ ಈ ಮಠದ ಬಾಗಿಲು. ಹೊರಗೆ ಇರುವವರು ಹೊರಗೆ ಇದ್ದಾರೆ. ತೆಗೆಯಬೇಕು.”

ಹಿರಿಯರು ಕಾದರು. ಮುಂದೆ ಏನೂ ಬರಲಿಲ್ಲ.

“ಅಷ್ಟೇ?” ಅಂದ ಶಾಂತಯ್ಯ.

“ಅಷ್ಟೇ ರೀ.”

“ಒಂಬತ್ತು ವರ್ಷ ಮಠದ ರೊಟ್ಟಿ ತಿಂದು ಇದನ್ನ ಕಲ್ತಿ ಏನಲೇ? ದನಾ ಕಾಯಾಂವಗೂ ಇಷ್ಟು ತಿಳೀತೈತಿ!”

“ಹೌದ್ರಿ. ನಮಗಷ್ಟ ತಿಳದಿಲ್ಲ.”

“ಎಲ್ಲಾ ಒಂದೇ ಅಂತ ಏಳು ಮಂದಿ ಮಹಾತ್ಮರು ತೋರಿಸಿಕೊಟ್ಟಾರ. ನೀ ಮತ್ತ ಒಳಗ, ಹೊರಗ ಅಂತ ಭೇದಾ ಹುಟ್ಟಸ್ತೀಯಲ್ಲ!”

“ಭೇದಾ ನಾ ಹುಟ್ಟಿಸಿಲ್ರಿ ಹಿರ್‍ಯಾರ. ಅಗಳಿ ಹಾಕಿಸಿದವರು ನೀವು.”

ಶಾಂತಯ್ಯನ ಮುಖ ಕೆಂಪೇರಿತು. “ನಾವು ಒಪ್ಪೂದಿಲ್ಲ. ನಿನ್ನ ಗಂಟು ಕಟ್ಟು. ಗದ್ದುಗಿ ಆಸೆ ಬಿಡು.”

ಮೋನಪ್ಪ ಗುರುವಿನ ಕಡೆ ನೋಡಿದ. ಗುರು ಹಾಡಿಗೆ ಕಿವಿಗೊಟ್ಟಿದ್ದರು. ಹೊರಗೆ ನಾಲ್ಕನೆಯ ಸಾಲು ನಡೆದಿತ್ತು. ಅದು ಮುಗಿದರೆ ಅವರು ಹೋಗಿಬಿಡುತ್ತಾರೆ.

ಗರಿಯನ್ನು ನೆಲದ ಮೇಲಿಟ್ಟ. ಬಾಗಿಲಿಗೆ ನಡೆದ. ಎರಡೂ ಕೈಯಿಂದ ಅಗಳಿ ಎತ್ತಿದ.

ಬಿಸಿಲು ಒಳಗೆ ನುಗ್ಗಿತು.

ಹಾಡು ಗಕ್ಕನೆ ನಿಂತಿತು. ಹೊರಗಿದ್ದ ಹದಿನೈದು ಇಪ್ಪತ್ತು ಮಂದಿ ತೆರೆದ ಬಾಗಿಲನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ತೆರೆದ ಮೇಲೆ ಏನು ಮಾಡಬೇಕು ಅಂತ ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

“ಅಯ್ಯ ಶಿವನ, ತಗದಽ ಬಿಟ್ರಲ್ಲ!” ಅಂದಳು ಯಂಕವ್ವ. “ಇನ್ನ ಏನು ಹಾಡೂಣು?”

ಯಾರೋ ನಕ್ಕರು. ಇನ್ನೊಬ್ಬರು ಅತ್ತರು.

ನಿಂಗಯ್ಯಜ್ಜ ಗದ್ದುಗೆಯಿಂದ ಇಳಿದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದು ಹೊಸ್ತಿಲು ದಾಟಿದರು. ಹೊರಗಿನ ಮೆಟ್ಟಿಲ ಮೇಲೆ ಯಂಕವ್ವನ ಮಗ್ಗುಲಿಗೆ ಕುಳಿತರು.

“ಅಜ್ಜಾರ!” ಒಳಗಿನಿಂದ ಶಾಂತಯ್ಯ ಕೂಗಿದ. “ಇದೇನು ಮಾಡಾಕತ್ತೀರಿ? ಇಂವನ್ನ ಹೊರಗ ಹಾಕೀವಿ ನಾವು!”

“ಹೊರಗ ಭಾಳ ಜಾಗಾ ಐತಿ, ಶಾಂತಯ್ಯಾ. ನೀನೂ ಬಾ” ಅಂದರು ಗುರು. ಆಮೇಲೆ ಶಿಷ್ಯನ ಕಡೆ ತಿರುಗಿದರು. “ಮೋನ್ಯಾ, ಇವರು ಬಿಸಲಾಗ ಹಾಡಿ ಹಾಡಿ ಗಂಟಲ ಒಣಗೇತಿ. ಎಲ್ಲಾರಿಗೂ ನೀರು ತಾ. ನನಗೂ ಬೇಕು.”

ಮೋನಪ್ಪ ಖುಷಿಯಿಂದ ಒಳಗೆ ಓಡಿದ. ಗದ್ದುಗೆ ಹೋಗಿತ್ತು. ಆದರೂ ಎದೆ ಹಗುರಾಗಿತ್ತು. ತಾನು ಗೆದ್ದೆ ಅನ್ನಿಸಿತು.

ನೀರಿನ ಹರವಿಯ ಹತ್ತಿರ ಅವನ ಕಾಲು ನಿಂತವು. ಹರವಿಯ ಮೇಲೆ ತೊಳೆದ ಹಿತ್ತಾಳೆ ತಂಬಿಗೆ ಇತ್ತು. ಗೋಡೆಯ ಮೂಲೆಯಲ್ಲಿ ಕಂಠ ಒಡೆದ ಮಣ್ಣಿನ ಮಗೆ ಬೋರಲು ಬಿದ್ದಿತ್ತು. ಕೇರಿಯವರು ಯಾರಾದರೂ ಹಾದಿಯಲ್ಲಿ ಹೋಗುತ್ತ ನೀರು ಕೇಳಿದರೆ ಅದರಲ್ಲಿ ಕೊಡುವುದು ವಾಡಿಕೆ. ಒಂಬತ್ತು ವರ್ಷದಿಂದ ಅವನೇ ಕೊಡುತ್ತಿದ್ದ.

ಅವನ ಕೈ ತಂಬಿಗೆಯ ಕಡೆ ಹೋಯಿತು. ಆಮೇಲೆ ಮಗೆಯ ಕಡೆ ಹೋಯಿತು. ಬಾಗಿಲಿಗೆ ಬಂದು ಇಣುಕಿದ.

“ಅಜ್ಜಾರ, ಯಾವುದರಾಗ ತರ್ಲಿ?”

ಗುರು ಹಿಂದಿರುಗಿ ನೋಡಿದರು.

“ಯಾಕೋ ತಮ್ಮಾ, ಅಲ್ಲಿ ಎರಡು ಅದಾವೇನು?”