ಎತ್ತದ ಮುಳ್ಳು

"ಗುರುಗಳೇ, ನನ್ನ ತಮ್ಮ ಏನೇ ಮಾತಾಡಿದರೂ ಅದರ ಹಿಂದೆ ಕಪಟ ಇದ್ದಂತೆ ಕೇಳಿಸುತ್ತದೆ. ಹತ್ತು ಸಲ ಪರೀಕ್ಷೆ ಮಾಡಿದೆ, ಸಂಶಯ ಹೋಗಲಿಲ್ಲ. ಇನ್ನು ಯಾವ ಪರೀಕ್ಷೆ ಒಡ್ಡಲಿ?" ಎಂದು ಶಿಷ್ಯ ಕೇಳಿದ.

"ಹತ್ತು ಸಾಲಲಿಲ್ಲವೇ? ಹಾಗಾದರೆ ಕೂತುಕೋ" ಎಂದು ಗುರುಗಳು ಕತೆ ತೆಗೆದರು.

ಒಬ್ಬ ಬಳೆ ವ್ಯಾಪಾರಿ ಇದ್ದ. ಹೆಂಡತಿ ಹಾಡಿದ ಒಂದು ಹಾಡನ್ನು ರೆಕಾರ್ಡ್ ಮಾಡಿಸಿಟ್ಟಿದ್ದ. ಅಂಗಡಿಯಲ್ಲಿ ಸಿಗುವಂಥ ಗಟ್ಟಿ ರೆಕಾರ್ಡ್ ಅಲ್ಲ. ಮೆತ್ತಗಿನ ತಟ್ಟೆ, ಇದ್ದದ್ದೂ ಅದೊಂದೇ. ನುಡಿಸುವ ಮುಳ್ಳು ಹರಿದಷ್ಟೂ ಅದರ ಮೇಲಿನ ಹಾಡಿನ ಗೆರೆ ಸವೆಯುತ್ತದೆ ಎಂದು ಮಾಡಿಕೊಟ್ಟವನು ಎಚ್ಚರಿಸಿದ್ದ. ಮಗಳು ತೊಟ್ಟಿಲಲ್ಲಿದ್ದಾಗಲೇ ಹೆಂಡತಿ ತೀರಿಕೊಂಡಳು. ಆ ದನಿ ಕೇಳುವ ಧೈರ್ಯ ಬಾರದೆ ವ್ಯಾಪಾರಿ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟ.

ಆ ಮಗಳು ಈಗ ಬಸುರಿ. ಹೆರಿಗೆಗೆ ತವರಿಗೆ ಬರುವವಳು, ಬುದ್ಧಿ ಬಂದ ಮೇಲೆ ಕೇಳದ ಅವ್ವನ ದನಿಯನ್ನು ಒಮ್ಮೆಯಾದರೂ ಕೇಳಬೇಕು ಎಂದು ಹೇಳಿ ಕಳಿಸಿದಳು. ಅವಳು ಬರಲು ಎಂಟು ದಿನ ಉಳಿದಿತ್ತು.

ವ್ಯಾಪಾರಿ ರೆಕಾರ್ಡ್ ತಿರುಗಿಸಿ ನುಡಿಸುವ ಟರ್ನ್‌ಟೇಬಲ್ ತಂದ. ಅದರ ಸಣ್ಣ ದನಿಯನ್ನು ದೊಡ್ಡದು ಮಾಡುವ ಪ್ರೀಆಂಪ್ ಪೆಟ್ಟಿಗೆಯನ್ನೂ ತಂದು, ಬಲ್ಲವನಂತೆ ತಾನೇ ಜೋಡಿಸಿದ. ಕೊನೆಗೆ ಒಂದು ಹಸಿರು ತಂತಿ ಉಳಿಯಿತು. ಇದರಲ್ಲಿ ಹಾಡು ಹರಿಯುವುದಿಲ್ಲ, ಇದೇಕೆ ಎಂದು ಸುತ್ತಿ ಹಿಂದಕ್ಕೆ ತುರುಕಿದ. ಹಾಡು ಹಚ್ಚಿದರೆ ಹೆಂಡತಿಯ ದನಿಯ ಜೊತೆಗೆ ಗುಂಯ್ ಎಂಬ ಸದ್ದು ಬಂತು.

ತಟ್ಟೆಯೇ ಕೆಟ್ಟಿದೆಯೇನೋ ಎಂದು ಅವನು ಅಂಜಿದ. ತಟ್ಟೆಯನ್ನು ಒರೆಸಿ ಮತ್ತೆ ಹಚ್ಚಿದ. ಮುಳ್ಳು ಬದಲಿಸಿ ಹಚ್ಚಿದ. ಮುಳ್ಳಿನ ತೋಳಿನ ಮೇಲೆ ನಾಲ್ಕಾಣೆ ಬಿಲ್ಲೆಯ ಭಾರ ಹೇರಿ ಹಚ್ಚಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ದಿನಕ್ಕೆ ಇಪ್ಪತ್ತು ಸಲ, ಮೂವತ್ತು ಸಲ. ಹಾಡು ಸವೆಯುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಆದರೂ ಇದೊಂದು ಸಲ ಎಂದುಕೊಂಡು ಮತ್ತೆ ಮುಳ್ಳು ಇಳಿಸುತ್ತಿದ್ದ.

ಏಳನೆಯ ದಿನ ರಿಪೇರಿಯವನನ್ನು ಕರೆಸಿದ.

"ಸಾವ್ಕಾರ್ರ, ಮುಳ್ಳ ಎತ್ತಿ ಒಮ್ಮೆರ ಕೇಳೀರೇನ್ರಿ?" ಎಂದು ಅವನು ಕೇಳಿದ.

"ಹಾಡು ಹಚ್ಚದೆ ಸದ್ದು ಹೆಂಗ ತಿಳೀತದಪಾ?" ಎಂದು ವ್ಯಾಪಾರಿ ರೇಗಿದ.

ರಿಪೇರಿಯವನು ಮುಳ್ಳು ಎತ್ತಿದ. ತಟ್ಟೆಯನ್ನೂ ತೆಗೆದು ಬದಿಗಿಟ್ಟ. ಗುಂಯ್ ಸದ್ದು ಹಾಗೆಯೇ ಇತ್ತು. ಹಿಂದೆ ಕೈ ಹಾಕಿ, ಗುಂಯ್ ಸದ್ದನ್ನು ತಡೆಯಲೆಂದೇ ಇದ್ದ ಹಸಿರು ಅರ್ತ್ ತಂತಿಯನ್ನು ಎಳೆದು ಪೆಟ್ಟಿಗೆಯ ತಿರುಪಿಗೆ ಬಿಗಿದ. ಸದ್ದು ನಿಂತುಹೋಯಿತು.

ಮರುದಿನ ಮಗಳು ಬಂದಳು. ಕಾಲು ತೊಳೆದವಳೇ ಟರ್ನ್‌ಟೇಬಲ್ ಮುಂದೆ ಕೂತಳು. ವ್ಯಾಪಾರಿ ಮುಳ್ಳು ಇಳಿಸಿದ. ಗುಂಯ್ ಇರಲಿಲ್ಲ. ಬರೀ ಸರಸರ ಸದ್ದು. ಅದರ ಅಡಿಯಲ್ಲೆಲ್ಲೋ ದನಿಯ ಒಂದು ಎಳೆ ಕೇಳಿಸಿತು, ಅದೂ ಕಡಿದುಹೋಯಿತು. ಮಗಳು ಬಾಗಿ ಕಿವಿಗೊಟ್ಟಳು.

"ಅಪ್ಪಾ, ಇದರಾಗ ಅವ್ವ ಎಲ್ಲಿ ಅದಾಳ?"

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಪ್ಪ ಏನು ಹೇಳಿದ?" ಎಂದ.

"ಅದಿರಲಿ. ನಿನ್ನ ತಮ್ಮ ಬಾಯಿ ತೆರೆಯದೆ ಸುಮ್ಮನೆ ಕೂತಿರುವಾಗ ನಿನಗೆ ಏನು ಕೇಳಿಸುತ್ತದೆ?"

"ಆಗಲೂ ಅದೇ ಗುಂಯ್, ಗುರುಗಳೇ" ಎಂದ ಶಿಷ್ಯ.