ಹೊಳೆಯಾಚೆಯ ಉಪ್ಪು

"ಗುರುಗಳೇ, ಒಂದೇ ಸರಕಿಗೆ ಎರಡು ಊರಲ್ಲಿ ಎರಡು ಬೆಲೆ ಹೇಳುವುದು ತಪ್ಪೇ?"

ಕೇಳಿದವನು ಎಣ್ಣೆ ವ್ಯಾಪಾರಿ ಮುರಿಗೆಪ್ಪ. ಪೇಟೆಯಲ್ಲಿ ಹತ್ತಾರು ಎಣ್ಣೆ ಅಂಗಡಿಗಳಿದ್ದವು. ಅಲ್ಲಿ ಅವನು ಅಗ್ಗಕ್ಕೆ ಮಾರುತ್ತಿದ್ದ. ಕಾಡಂಚಿನ ಹಳ್ಳಿಯಲ್ಲಿ ಇದ್ದದ್ದು ಅವನದೊಂದೇ ಅಂಗಡಿ; ಅಲ್ಲಿ ಅದೇ ಎಣ್ಣೆ ದುಬಾರಿ. ಹಳ್ಳಿಯವರು ಗೊಣಗದೆ ಕೊಳ್ಳುತ್ತಾರೆ, ತಾನು ಯಾರನ್ನೂ ಬಲವಂತ ಮಾಡಿಲ್ಲ ಎಂದೂ ಸೇರಿಸಿದ. ಆದರೂ ಮನಸ್ಸು ಚುಚ್ಚುತ್ತಿತ್ತು. ಇಲ್ಲದಿದ್ದರೆ ಅವನೆಲ್ಲಿ ಮಠದ ಮೆಟ್ಟಿಲು ಹತ್ತುತ್ತಿದ್ದ!

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಕೆಟ್ಟವನೇನಲ್ಲ, ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದವನಲ್ಲ. ಹೊಳೆಯ ಈಚೆ ದೊಡ್ಡ ಊರು, ಆಚೆ ಗುಡ್ಡದ ಹಳ್ಳಿ. ಈಚೆಯವರಿಗೆ ಗಾಡಿದಾರಿ ಇತ್ತು. ಬೆಲೆ ಏರಿದರೆ ತಾವೇ ಗಾಡಿ ಕಟ್ಟಿ ಕರಾವಳಿಯಿಂದ ಉಪ್ಪು ತಂದುಕೊಳ್ಳುವ ಜನ. ಅದಕ್ಕೇ ಅಲ್ಲಿ ಸೇರು ರಾಗಿಗೆ ಸೇರು ಉಪ್ಪು. ಆಚೆಯವರಿಗೆ ಅವನ ಎತ್ತುಗಳು ಹೊತ್ತು ತಂದದ್ದೇ ಗತಿ. ಎತ್ತಿನ ಶ್ರಮಕ್ಕೆಂದು ಅರ್ಧ ಸೇರು ಹೆಚ್ಚು ಕೇಳಿದ್ದರೆ ನ್ಯಾಯವಿತ್ತು. ಅವನು ನಾಲ್ಕು ಸೇರು ರಾಗಿ ಅಳೆಸಿಕೊಳ್ಳುತ್ತಿದ್ದ.

ಈಚೆಯವರು ಅಗ್ಗಕ್ಕೆ ಕೊಂಡು ಆಚೆ ಒಯ್ದು ಮಾರಿದರೆ? ಅವನೇನು ಪೆದ್ದನೇ! ಹೊಳೆ ದಾಟಿಸುವ ದೋಣಿಯನ್ನೂ ತಾನೇ ಗುತ್ತಿಗೆ ಹಿಡಿದ. ಉಪ್ಪಿನ ಗಂಟು ಹೊತ್ತವರನ್ನು ಹತ್ತಿಸಬೇಡವೆಂದು ಅಂಬಿಗನಿಗೆ ತಾಕೀತು ಮಾಡಿದ.

ಇಲ್ಲಿ ಮುರಿಗೆಪ್ಪನಿಗೆ ನಗು ಬಂತು. ತಾನಾದರೂ ಅದನ್ನೇ ಮಾಡುತ್ತಿದ್ದೆ ಅನ್ನಿಸಿತು. ಗುರುಗಳೂ ನಕ್ಕು ಮುಂದುವರಿಸಿದರು.

ಹಳ್ಳಿಯವರು ಪಾಪ, ಈ ಪುಣ್ಯಾತ್ಮನಿಲ್ಲದಿದ್ದರೆ ನಮಗೆ ಉಪ್ಪೇ ಇಲ್ಲ ಎಂದು ಅವನಿಗೆ ಕೈಮುಗಿಯುತ್ತಿದ್ದರು. ಒಳ್ಳೆಯ ಜನರೆಂದು ಅವನು ತನ್ನ ಒಬ್ಬಳೇ ಮಗಳನ್ನು ಆ ಹಳ್ಳಿಗೇ ಕೊಟ್ಟ. ಅವಳೆಂದರೆ ಅವನಿಗೆ ಪ್ರಾಣ. ತವರಿಗೆ ಬಂದು ಹೊರಟಾಗಲೆಲ್ಲ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಉಡಿ ತುಂಬಿಸುತ್ತಿದ್ದ. ಉಡಿಗೆ ಉಪ್ಪು ಹಾಕುವ ಪದ್ಧತಿ ಎಲ್ಲಿದೆ? ಮಗಳಿಗೆ ಮಗುವಾಗುವತನಕ ತಂದೆ ಅವಳ ಮನೆಯಲ್ಲಿ ಉಣ್ಣಬಾರದೆಂಬುದೂ ಆ ಸೀಮೆಯ ಪದ್ಧತಿ. ಹೋದಾಗಲೆಲ್ಲ ನೀರು ಕುಡಿದು ಎದ್ದು ಬರುತ್ತಿದ್ದ.

ಹಲವು ವರ್ಷಗಳ ಮೇಲೆ ಮಗಳಿಗೆ ಗಂಡುಮಗುವಾಯಿತು. ಬಾಣಂತನ ಮುಗಿಸಿ ಮಗಳನ್ನೂ ಮೊಮ್ಮಗನನ್ನೂ ಬಿಟ್ಟುಬರಲು ಅವನೇ ಹೋದ. ಬೀಗರು ಪಕ್ಕದಲ್ಲಿ ಕೂರಿಸಿಕೊಂಡು ಎಲೆ ಹಾಕಿಸಿದರು. ಅವನ ಎಲೆಯ ತುದಿಗೆ ಮಗಳು ಉಪ್ಪು ಬಡಿಸಿದಳು. ಬೀಗರ ಎಲೆಗೆ ಬಡಿಸಲಿಲ್ಲ, ಅಳಿಯನ ಎಲೆಗೂ ಇಲ್ಲ. ಮರೆತಳೆಂದುಕೊಂಡು ನೆನಪಿಸಿದ. ತಮಗೆ ಸಪ್ಪೆಯೇ ರೂಢಿ, ಉಪ್ಪು ಹಬ್ಬಕ್ಕೆ ಮಾತ್ರ ಎಂದು ಬೀಗರು ಸಂಕೋಚದಿಂದ ಹೇಳಿದರು. ಅವನು ಸಾರು ಕಲಸಿ ಬಾಯಿಗಿಟ್ಟ. ಅದರಲ್ಲಿ ಹುಳಿಯಿತ್ತು, ಖಾರವಿತ್ತು, ಉಪ್ಪಿರಲಿಲ್ಲ. ಇಷ್ಟು ವರ್ಷ ಮಗಳು ಉಂಡದ್ದು ಇದನ್ನೇ ಎಂದು ಅವನಿಗೆ ಆಗ ತಿಳಿಯಿತು.

"ನನಗೊಂದು ಮಾತು ಹೇಳಬಾರದಿತ್ತೇ, ತಾಯಿ?" ಎಂದ.

"ಹೇಳಿದ್ದರೆ ನೀನು ನಮ್ಮ ಮನೆಗೊಂದು ಮೂಟೆ ಕಳಿಸುತ್ತಿದ್ದೆ ಅಪ್ಪ. ನೆರೆಮನೆಯವರು ಸಪ್ಪೆ ಉಣ್ಣುವಾಗ ಅದು ನನ್ನ ಗಂಟಲಲ್ಲಿ ಇಳಿಯುತ್ತಿತ್ತೇ?"

ತುತ್ತು ಅವನ ಕೈಯಲ್ಲೇ ಉಳಿಯಿತು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಮುರಿಗೆಪ್ಪ ತಡೆಯಲಾರದೆ, ವ್ಯಾಪಾರಿ ಬೆಲೆ ಇಳಿಸಿದನೇ ಎಂದು ಕೇಳಿದ.

"ಎಲೆಯ ಮುಂದೆ ಕೂತಿರುವವನು ನೀನಪ್ಪ, ನನ್ನನ್ನೇಕೆ ಕೇಳುತ್ತೀ?"